ಮದುವೆಯ ಕೇಕ್ ಕಳಿತ ನೇರಳೆಯ ಬಣ್ಣದಲ್ಲಿರಲಿ ಎಂದೆ, ಮನೆಯಲ್ಲಿ ಎಲ್ಲರ ಮುಖ ಕಪ್ಪಾಯಿತು

ನೇರಳೆಕೊಂಬೆ:
ಜನವರಿಯಲ್ಲಿ ಮಂಗಳೂರಿನಲ್ಲಿ ನನ್ನ ಮದುವೆ. ಬೆಳಿಗ್ಗೆ ಇಗರ್ಜಿಯಲ್ಲಿ ಬಲಿಪೂಜೆ, ಸಂಜೆ ಸಭಾಂಗಣದಲ್ಲಿ ಸತ್ಕಾರಕೂಟ, ಸುಮಾರು 600 ಜನ. ನಮ್ಮ ಕಡೆಯ ಮದುವೆ ನೋಡಿದವರಿಗೆ ಗೊತ್ತು. ವೇದಿಕೆಯ ಮೇಲೆ ಕೇಕ್ ಕತ್ತರಿಸಿದ ಮೇಲೆ ಪ್ರತಿಯೊಬ್ಬರ ಕೈಗೂ ಒಂದು ತುಂಡು ಪ್ಲಮ್ ಕೇಕ್, ಪುಟ್ಟ ಲೋಟದಲ್ಲಿ ವೈನ್ ಬರುತ್ತದೆ. ಆಮೇಲೆ ಟೋಸ್ಟ್. ಕೇಕ್ ಬರದೆ ಕಾರ್ಯಕ್ರಮ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ.

ನನಗೆ ಬೇಕಾಗಿರುವುದು ಕಳಿತ ನೇರಳೆ ಹಣ್ಣಿನ ಬಣ್ಣ. ದೂರದಿಂದ ಕಪ್ಪು, ಹತ್ತಿರ ಬಂದರೆ ನೇರಳೆ. ಮೂರು ಅಂತಸ್ತು, ತುದಿಯಲ್ಲಿ ಸೀಳಿದ ನಾಲ್ಕು ಅಂಜೂರ. ಬಿಳಿ ಹೂವು ಬೇಡ, ಮುತ್ತು ಬೇಡ, ಬೆಳ್ಳಿಯ ಗುಂಡುಗಳಂತೂ ಬೇಡವೇ ಬೇಡ. ಹುಡುಗ ಒಪ್ಪಿದ್ದಾನೆ, ಅವನಿಗೆ ತಿನ್ನಲು ಸಿಕ್ಕರೆ ಸಾಕು. ಅಮ್ಮ ಮಾತನಾಡುತ್ತಿಲ್ಲ. ಅಮ್ಮನ ಅಕ್ಕ, ನಮ್ಮ ಮಾವ್ಶಿ, ಮಾತು ನಿಲ್ಲಿಸುತ್ತಿಲ್ಲ. "ಇದು ಮದುವೆಗೋ ಮರಣಕ್ಕೋ?" ಎಂದು ಫೋನಿನಲ್ಲಿ ಮೂರು ಬಾರಿ ಕೇಳಿಯಾಯಿತು.

ಇಂಥ ಬಣ್ಣದ ಕೇಕ್ ಮಾಡಿಸಿದವರು ಯಾರಾದರೂ ಇದ್ದೀರಾ? ಹೇಗೆ ಬಂತು? ಮಾವ್ಶಿಗೆ ಏನು ಉತ್ತರ ಕೊಡಲಿ? ಯಾಕೆ ಆ ಬಣ್ಣ ಎಂದು ಮಾತ್ರ ಕೇಳಬೇಡಿ. ಇಷ್ಟ, ಅಷ್ಟೇ.

ಬಂದರು ರಸ್ತೆ:
ಯಾಕೆ ಆ ಬಣ್ಣ?

ಕೇಳಬೇಡಿ ಎಂದಿದ್ದೀರಿ, ಆದರೂ ಕೇಳುತ್ತೇನೆ. ನನ್ನ ಅಜ್ಜಿ ಗಂಡ ತೀರಿಕೊಂಡ ಮೇಲೆ ಕಪ್ಪು ಬಿಟ್ಟು ಬೇರೆ ಉಡಲಿಲ್ಲ. ನಮ್ಮ ಇಗರ್ಜಿಯಲ್ಲಿ ಕಪ್ಪಿಗೆ ಅದರದೇ ದಿನಗಳಿವೆ. ನಿಮ್ಮ ಮಾವ್ಶಿ ಹಟಕ್ಕೆ ಹೇಳುತ್ತಿಲ್ಲ, ಅವರ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಬಿಳಿ ಕೇಕ್ ನಮ್ಮ ಹಿರಿಯರಿಂದ ಬಂದದ್ದು. ಒಂದು ಸಂಜೆಯ ಫೋಟೊಗೋಸ್ಕರ ಅದನ್ನು ಬಿಡಬೇಕೇ?

ಚಂದ್ರಕಾಳಿ:
ಬಂದರು ರಸ್ತೆಯವರೇ, ಕಪ್ಪು ಎಲ್ಲ ಕಡೆಯೂ ಒಂದೇ ಮಾತು ಆಡುವುದಿಲ್ಲ. ನನ್ನ ಹೆಸರನ್ನೇ ನೋಡಿ. ನಮ್ಮ ಬಾಗಲಕೋಟೆ ಕಡೆ ಚಂದ್ರಕಾಳಿ ಎಂದರೆ ಕಪ್ಪು ಸೀರೆ. ನನ್ನ ಕುಬುಸದ, ಎಂದರೆ ಸೀಮಂತದ ದಿನ ಅತ್ತೆ ನನಗೆ ಅದನ್ನೇ ಉಡಿಸಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿದರು. ಸಂಕ್ರಾಂತಿಗೂ ಕಪ್ಪು ಸೀರೆಯೇ. ತಾಳಿಯ ಕರಿಮಣಿ ಯಾವ ಬಣ್ಣ ಎಂದು ನಾನು ಹೇಳಬೇಕಿಲ್ಲ. ಕೂಸಿನ ಕೆನ್ನೆಯ ದೃಷ್ಟಿಬೊಟ್ಟು ಯಾವ ಬಣ್ಣ?

ತಂಗಿ, ನಿಮ್ಮವರಲ್ಲೂ ಮದುವೆಯ ಸರಕ್ಕೆ ಕರಿಮಣಿ ಇರುತ್ತದಲ್ಲ, ಅದರ ಹೆಸರು ಮರೆತೆ. ಮಾವ್ಶಿಯ ಕೊರಳು ತೋರಿಸಿ ಕೇಳು.

ನೇರಳೆಕೊಂಬೆ:
ಪಿರ್ದುಕ್. ಅಕ್ಕಾ, ಅದು ನನಗೆ ಹೊಳೆದೇ ಇರಲಿಲ್ಲ! ಮಾವ್ಶಿ ಅದನ್ನು ಮಲಗುವಾಗಲೂ ತೆಗೆಯುವುದಿಲ್ಲ.

ಬಂದರು ರಸ್ತೆ:
ಕರಿಮಣಿಯನ್ನು ಯಾರೂ ತಿನ್ನುವುದಿಲ್ಲ.

ಸೀಮೆಸುಣ್ಣ:
ನಿವೃತ್ತ ಇತಿಹಾಸದ ಮೇಷ್ಟರು ನಾನು. "ಹಿರಿಯರಿಂದ ಬಂದದ್ದು" ಎಂಬ ಮಾತು ಕಿವಿಗೆ ಬಿದ್ದರೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಹಿರಿಯರು ಎಂದರೆ ಯಾರ ಹಿರಿಯರು?

1840ರ ಫೆಬ್ರವರಿ 10ರಂದು ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಗೂ ಆಲ್ಬರ್ಟನಿಗೂ ಮದುವೆಯಾಯಿತು. ಆ ಕೇಕಿನ ತೂಕ ಸುಮಾರು 300 ಪೌಂಡ್, ಎಂದರೆ ಹೆಚ್ಚೂಕಡಿಮೆ 136 ಕಿಲೋ. ಮೇಲೆ ಬಿಳಿ ಸಕ್ಕರೆಯ ಲೇಪ, ಅದರ ಮೇಲೆ ವಧೂವರರನ್ನು ಹರಸುವ ಬ್ರಿಟಾನಿಯಾಳ, ಎಂದರೆ ಬ್ರಿಟನ್ ದೇಶವನ್ನು ಹೆಣ್ಣಾಗಿ ಕಲ್ಪಿಸಿದ ರೂಪದ ಗೊಂಬೆ. ಚೆನ್ನಾಗಿ ಸಂಸ್ಕರಿಸಿದ ಬಿಳಿ ಸಕ್ಕರೆ ಆಗ ದುಡ್ಡಿದ್ದವರ ಸೊತ್ತು. ಕೇಕ್ ಎಷ್ಟು ಬಿಳಿಯೋ ಮನೆತನ ಅಷ್ಟು ಶ್ರೀಮಂತ ಎಂದು ಊಟಕ್ಕೆ ಬಂದವರು ಲೆಕ್ಕ ಹಾಕುತ್ತಿದ್ದರು. ಪರಿಶುದ್ಧತೆಯ ಅರ್ಥ ಅದರ ಜೊತೆಗೇ ಅಂಟಿಕೊಂಡಿತು. ಗಟ್ಟಿಯಾದ ಆ ಬಿಳಿ ಲೇಪವನ್ನು ಇಂದಿಗೂ ರಾಯಲ್ ಐಸಿಂಗ್ ಎನ್ನುತ್ತೇವೆ.

ಆ ಬಿಳಿಯ ಒಳಗೆ ಇದ್ದದ್ದೇನು? ಒಣಹಣ್ಣು, ಮದ್ಯ, ಮಸಾಲೆ ಸೇರಿದ ಕಗ್ಗಪ್ಪು ಕೇಕ್. ನೂರಾರು ವರ್ಷಗಳಿಂದ ಇಂಗ್ಲಿಷರ ಮದುವೆಯ ಕೇಕ್ ಒಳಗೆ ಕಪ್ಪೇ. ಅವರು ಅದಕ್ಕೆ ಬಿಳಿ ಅಂಗಿ ತೊಡಿಸಿದರು. ಈ ಹುಡುಗಿ ಅಂಗಿ ಬಿಚ್ಚಬೇಕು ಎನ್ನುತ್ತಿದ್ದಾಳೆ. 2011ರ ಏಪ್ರಿಲ್ 29ರಂದು ರಾಜಕುಮಾರ ವಿಲಿಯಂನ ಮದುವೆಯಲ್ಲಿ ಎಂಟು ಅಂತಸ್ತಿನ ಬಿಳಿ ಹಣ್ಣಿನ ಕೇಕ್ ಇತ್ತು, ಜೊತೆಗೆ ಅವನೇ ಆಸೆಪಟ್ಟು ಹೇಳಿಸಿದ ಚಾಕೊಲೇಟ್ ಬಿಸ್ಕತ್ತಿನ ಕೇಕ್ ಕೂಡ. ಅರಮನೆ ಅದರಿಂದ ಬಿದ್ದುಹೋಗಲಿಲ್ಲ.

ಉಪ್ಪಿನಂಗಡಿ ಬಸ್:
ಮೇಷ್ಟರು ಪಾಠ ಮುಗಿಸಿದರು, ಈಗ ಅಡುಗೆ ಶುರುವಾಗಲಿ. ಅಕ್ಕಾ, ಬಣ್ಣದ ಬಾಟಲಿ ಯಾಕೆ? ನೇರಳೆ ಹಣ್ಣನ್ನೇ ಹಿಂಡಿ ಹಾಕಿಸಿ. ಇಲ್ಲದಿದ್ದರೆ ಪುನರ್ಪುಳಿ ಇದೆ. ಊರಿನ ಬಣ್ಣ, ಊರಿನ ಮದುವೆ.

ಒಲೆಯ ಮುಂದೆ:
ಬಸ್ಸಿನವರೇ, ನೇರಳೆ ಹಣ್ಣಾಗುವುದು ಮಳೆ ಶುರುವಾಗುವ ಹೊತ್ತಿಗೆ, ಮದುವೆ ಇರುವುದು ಜನವರಿಯಲ್ಲಿ. ತಿರುಳು ತೆಗೆದು ಫ್ರೀಜರಿನಲ್ಲಿ ಇಟ್ಟಿದ್ದರೂ ಬೆಣ್ಣೆಯ ಕ್ರೀಮಿಗೆ ಹಾಕಿದರೆ ಒಗೆದೊಗೆದು ಬಿಳಿಚಿದ ನೇರಳೆ ಲುಂಗಿಯ ಬಣ್ಣ ಬರುತ್ತದೆ. ಬೆಣ್ಣೆ ಅಷ್ಟು ಬಿಳಿಚಿಸುತ್ತದೆ. ನೇರಳೆಯ ಬಣ್ಣ ಹುಳಿಯಲ್ಲಿ ಕೆಂಪಾಗುತ್ತದೆ, ಸೋಡಾ ತಾಗಿದರೆ ನೀಲಿಗೆ ಹೊರಳುತ್ತದೆ. ಪುನರ್ಪುಳಿಯದೂ ಇದೇ ಜಾತಿಯ ಬಣ್ಣ, ಮೇಲಿಂದ ಹುಳಿ ಬೇರೆ. ಕೇಕಿನ ಪದರಗಳ ನಡುವೆ ಪುನರ್ಪುಳಿಯ ಜಾಮ್ ಹಚ್ಚಿದರೆ ಬಹಳ ರುಚಿ, ಅದನ್ನು ಖಂಡಿತ ಮಾಡಿ. ಹೊರಗಿನ ಬಣ್ಣಕ್ಕೆ ಅದು ಆಗದು.

ಈಗ ನನ್ನ ಕಥೆ. ಉಡುಪಿಯಲ್ಲಿ ಮನೆಯಿಂದಲೇ ಕೇಕ್ ಮಾಡಿಕೊಡುತ್ತೇನೆ. ಕಪ್ಪು ಮತ್ತು ಕಪ್ಪಿಗೆ ಹತ್ತಿರದ ಮದುವೆ ಕೇಕುಗಳನ್ನು ಇದುವರೆಗೆ ಏಳು ಮಾಡಿದ್ದೇನೆ. ಮೊದಲನೆಯದನ್ನು ನೆನೆದರೆ ಈಗಲೂ ಬೆವರು ಬರುತ್ತದೆ. ಬಿಳಿ ಬೆಣ್ಣೆ ಕ್ರೀಮಿಗೆ ಕಪ್ಪು ಜೆಲ್ ಬಣ್ಣ ಸುರಿದೆ. ಬೂದಿ ಬಣ್ಣ ಬಂತು. ಇನ್ನಷ್ಟು ಸುರಿದೆ, ಆನೆಯ ಬಣ್ಣ ಬಂತು. ಕೊನೆಗೆ ಬಾಟಲಿಯನ್ನೇ ಬಗ್ಗಿಸಿದೆ. ಕಪ್ಪಾಯಿತು, ಆದರೆ ಬೇವಿನೆಲೆ ಅರೆದು ಹಾಕಿದಷ್ಟು ಕಹಿ. ಅದಕ್ಕಿಂತ ಕೆಟ್ಟದ್ದು ಆಮೇಲೆ ಕಾದಿತ್ತು. ಕೇಕ್ ತಿಂದ ಮೇಲೆ ತೆಗೆದ ಫೋಟೊಗಳಲ್ಲಿ ಎಲ್ಲರ ಹಲ್ಲೂ ಪಾಚಿ ಹಸಿರು. ವರನ ತಾಯಿ ಉಳಿದ ಸಂಜೆಯೆಲ್ಲ ಬಾಯಿ ಮುಚ್ಚಿಕೊಂಡೇ ನಕ್ಕರು.

ಹಸಿರು ಯಾಕೆ ಎಂದು ನನಗೆ ಆಗ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟು. ಕೆಂಪು, ಹಳದಿ, ನೀಲಿ, ಹಸಿರು ಇವೆ, ಕಪ್ಪು ಇಲ್ಲ. ಬಾಟಲಿಯ ಮೇಲೆ ಕಪ್ಪು ಎಂದಿದ್ದರೆ ಒಳಗಿರುವುದು ಕೆಂಪು, ಹಳದಿ, ನೀಲಿಗಳ ಮಿಶ್ರಣ. ಬಾಯಿಯ ಎಂಜಲಿನಲ್ಲಿ ಅವು ಬೇರೆಬೇರೆಯಾಗಿ, ನೀಲಿ ನಾಲಿಗೆಯನ್ನು ಬಿಡದೆ ಹಿಡಿದುಕೊಳ್ಳುತ್ತದೆ.

ಅಂದಿನಿಂದ ಕಪ್ಪನ್ನು ಬಿಳಿಯಿಂದ ಶುರು ಮಾಡುವುದಿಲ್ಲ, ಕಂದಿನಿಂದ ಶುರು ಮಾಡುತ್ತೇನೆ. ಗಾಢವಾದ ಕೋಕೋ ಪುಡಿ ಹಾಕಿದ ಚಾಕೊಲೇಟ್ ಕ್ರೀಮ್ ಮೊದಲು, ಅದರ ಮೇಲೆ ಚೂರೇ ಚೂರು ಬಣ್ಣ. ಹಾಕಿದ ಕೂಡಲೇ ನೋಡಿ ಸಾಲದು ಎಂದು ಮತ್ತೆ ಸುರಿಯಬಾರದು. ಮುಚ್ಚಿಟ್ಟು ಮಲಗಿಬಿಡಬೇಕು. ರಾತ್ರಿ ಬೂದಿಯಂತಿದ್ದದ್ದು ಬೆಳಿಗ್ಗೆ ಎರಡು ಪಟ್ಟು ಗಾಢವಾಗಿರುತ್ತದೆ. ಕರಗಿಸಿದ ಚಾಕೊಲೇಟಿಗೆ ಬಣ್ಣ ಹಾಕುವುದಾದರೆ ಎಣ್ಣೆಯಲ್ಲಿ ಕರಗುವ ಬಣ್ಣವೇ ಆಗಬೇಕು. ನೀರಿನ ಬಣ್ಣ ಬಿದ್ದರೆ ಚಾಕೊಲೇಟ್ ಮರಳು ಮರಳಾಗಿ ಮುದ್ದೆಕಟ್ಟುತ್ತದೆ.

ನಿಮ್ಮದು ನೇರಳೆಯಾದ್ದರಿಂದ ಇನ್ನೊಂದು ಕಿರಿಕಿರಿ. ಬೆಣ್ಣೆಯ ಹಳದಿ ನೇರಳೆಯನ್ನು ಕೊಲ್ಲುತ್ತದೆ, ಕೆಸರು ಬಣ್ಣ ಮಾಡುತ್ತದೆ. ಕಂದಿನ ಮೇಲೆ ನೇರಳೆ ಕೂತರೆ ಆ ತೊಂದರೆ ಕಡಿಮೆ, ನಿಮಗೆ ಬೇಕಾದ "ಹತ್ತಿರ ಬಂದರೆ ನೇರಳೆ" ಬರುವುದೂ ಹಾಗೆಯೇ.

ಫಾಂಡಂಟ್, ಎಂದರೆ ಲಟ್ಟಿಸಿ ಹೊದಿಸುವ ಸಕ್ಕರೆಯ ಕಣಕ, ಹೊದಿಸುವುದಾದರೆ ಬಣ್ಣ ಕಟ್ಟಿದ್ದನ್ನೇ ಕೊಳ್ಳಲು ಹೇಳಿ. ಬಿಳಿಯದಕ್ಕೆ ಬಣ್ಣ ನಾದಿ ನಾದಿ ಕಪ್ಪು ಮಾಡಲು ಹೋದರೆ ಅದು ಜಿಗುಟಾಗಿ ಹರಿಯುತ್ತದೆ. ಲಟ್ಟಿಸುವಾಗ ಕಾರ್ನ್‌ಫ್ಲೋರ್ ಉದುರಿಸಿದರೆ ಕಪ್ಪಿನ ಮೇಲೆ ಬೂದಿ ಬಳಿದಂತೆ ಕಾಣುತ್ತದೆ, ಕೋಕೋ ಪುಡಿ ಉದುರಿಸಬೇಕು. ಉಳಿದ ಬಿಳಿ ಕಲೆಗಳನ್ನು ಕುಂಚಕ್ಕೆ ಸ್ವಲ್ಪ ವೋಡ್ಕಾ ತಾಗಿಸಿ ಒರೆಸುತ್ತೇವೆ, ಬೇಗ ಆರುತ್ತದೆ. (ಒಮ್ಮೆ ವೋಡ್ಕಾ ಸಿಗದೆ ಫೆನ್ನಿಯಲ್ಲಿ ಒರೆಸಿದೆ. ಕೇಕಿಗಿಂತ ಮೊದಲು ವಾಸನೆ ವೇದಿಕೆ ಹತ್ತಿತು.)

ಬಾಕಿ ಉಳಿದದ್ದು ನಮ್ಮ ಕರಾವಳಿಯ ಬೆವರು. ಜನವರಿಯಲ್ಲೂ ಮಂಗಳೂರಿನ ಮಧ್ಯಾಹ್ನ 32 ಡಿಗ್ರಿ ಮುಟ್ಟುತ್ತದೆ. ಫ್ರಿಜ್ಜಿನಿಂದ ನೇರವಾಗಿ ತೆಗೆದ ಫಾಂಡಂಟ್ ಕೇಕ್ ಕ್ಷಣದಲ್ಲಿ ಬೆವರುತ್ತದೆ. ಬಿಳಿ ಕೇಕಿನ ಮೇಲೆ ಯಾರಿಗೂ ಕಾಣದ ಹನಿ ಕಪ್ಪಿನ ಮೇಲೆ ಕಣ್ಣೀರಿನ ಗೆರೆಯಾಗುತ್ತದೆ. ರಟ್ಟಿನ ಪೆಟ್ಟಿಗೆ ಸಮೇತ ಹೊರಗೆ ತೆಗೆದು, ಅದು ಕೋಣೆಯ ಬಿಸಿಗೆ ಬರುವವರೆಗೆ ತೆರೆಯದೆ ಇಟ್ಟರೆ ಬೆವರು ಪೆಟ್ಟಿಗೆಯ ಮೇಲೆ ಕೂರುತ್ತದೆ. ಬೆವರಿದರೂ ಮುಟ್ಟಬಾರದು. ಫ್ಯಾನ್ ಹಾಕಿ ದೂರ ನಿಲ್ಲಬೇಕು. ಮುಟ್ಟಿದವರ ಬೆರಳಚ್ಚು ಪೊಲೀಸರಿಗೆ ಸಿಗುವಷ್ಟು ಚೆನ್ನಾಗಿ ಮೂಡುತ್ತದೆ.

ನೇರಳೆಕೊಂಬೆ:
ಇಷ್ಟು ಯಾರೂ ಹೇಳಿರಲಿಲ್ಲ. ನಾನು ವಿಚಾರಿಸಿದ ಅಂಗಡಿಯವರು "ಯಾವ ಬಣ್ಣ ಬೇಕಾದರೂ ಆಗುತ್ತದೆ ಮೇಡಂ" ಎಂದಷ್ಟೇ ಹೇಳಿ ಮುಂಗಡ ಕೇಳಿದರು. ಇನ್ನೊಬ್ಬರು ಇದ್ದಿಲ ಪುಡಿ ಹಾಕಿದರೆ ಬಣ್ಣವೇ ಬೇಡ, ಆರೋಗ್ಯಕ್ಕೂ ಒಳ್ಳೆಯದು ಎಂದರು. ನಿಜವೇ?

ಮಾತ್ರೆ ಚೀಟಿ:
ನಾನು ಔಷಧ ಅಂಗಡಿಯವನು, ಇದೊಂದಕ್ಕೆ ಬಾಯಿ ಹಾಕುತ್ತೇನೆ. ಸಕ್ರಿಯ ಇದ್ದಿಲನ್ನು ಆಸ್ಪತ್ರೆಯಲ್ಲಿ ಕೊಡುವುದು ವಿಷ ಸೇವಿಸಿದವರಿಗೆ. ಹೊಟ್ಟೆಯಲ್ಲಿರುವುದನ್ನು ತನ್ನ ಮೈಗೆ ಅಂಟಿಸಿಕೊಳ್ಳುವುದೇ ಅದರ ಕೆಲಸ. ವಿಷ ಯಾವುದು, ರಕ್ತದೊತ್ತಡದ ಮಾತ್ರೆ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. 600 ಜನರಲ್ಲಿ ಮಾತ್ರೆ ನುಂಗದ ಹಿರಿಯರು ಎಷ್ಟು ಮಂದಿ? ನ್ಯೂಯಾರ್ಕ್ ನಗರದಲ್ಲಿ ಇದ್ದಿಲು ಬೆರೆಸಿದ ತಿನಿಸುಗಳನ್ನು ಮಾರದಂತೆ 2018ರಲ್ಲಿ ಅಧಿಕಾರಿಗಳು ತಡೆದರು.

ಬಣ್ಣದ ವಿಷಯದಲ್ಲೂ ಒಂದು ಎಚ್ಚರಿಕೆ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿತು. 12ರಲ್ಲಿ ಕೃತಕ ಬಣ್ಣ ಮಿತಿ ಮೀರಿತ್ತು, ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಹೆಸರುಗಳೂ ಅದರಲ್ಲಿದ್ದವು. ಹೆದರಿ ಓಡಬೇಕಿಲ್ಲ, 223 ಸರಿಯಾಗಿಯೇ ಇದ್ದವು. ಆದರೆ ಬಾಟಲಿ ಬಗ್ಗಿಸುವವರ ಕೈಗೆ ಈ ಬಣ್ಣದ ಕೇಕ್ ಕೊಡಬೇಡಿ.

ಮೂರನೇ ಕಣ್ಣು:
ಮದುವೆ ಫೋಟೊ ತೆಗೆಯುವವನ ಗೋಳನ್ನೂ ಕೇಳಿ. ಕಪ್ಪು ಕೇಕ್ ಬೆಳಕನ್ನು ನುಂಗುತ್ತದೆ. ಚೌಕಟ್ಟಿನಲ್ಲಿ ಅದೇ ದೊಡ್ಡದಾಗಿ ತುಂಬಿದರೆ ಕ್ಯಾಮೆರಾ ಗಾಬರಿಯಾಗಿ ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ. ಕೇಕ್ ಬೂದಿಯಾಗುತ್ತದೆ, ಪಕ್ಕದಲ್ಲಿ ನಿಂತ ವಧುವಿನ ಬಿಳಿ ಗೌನಿನ ಕಸೂತಿ ಸುಟ್ಟುಹೋಗುತ್ತದೆ. ಫೋಟೊದವರಿಗೆ ಮೊದಲೇ ತಿಳಿಸಿ. ಬೆಳಕು ಎದುರಿನಿಂದ ಬೇಡ, ಪಕ್ಕದಿಂದ ಅಥವಾ ಹಿಂದಿನಿಂದ ಬಂದರೆ ಅಂಚುಗಳು ಮಿನುಗಿ ಅಂತಸ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಡಿಜೆಯವರ ಬಣ್ಣದ ದೀಪಗಳನ್ನು ಕೇಕ್ ಕತ್ತರಿಸುವ ಐದು ನಿಮಿಷ ಆರಿಸಿ. ಗಾಢ ಕೆಂಪಿನ ಮೇಲೆ ನೀಲಿ ದೀಪ ಬಿದ್ದರೆ ಅದು ಇದ್ದಿಲಿನಂತೆ ಕಾಣುತ್ತದೆ. ಒಂದು ಮದುವೆಯಲ್ಲಿ ದ್ರಾಕ್ಷಾರಸದ ಬಣ್ಣದ ಕೇಕನ್ನು ಅತಿಥಿಗಳೆಲ್ಲ "ಕಪ್ಪು ಕೇಕ್" ಎಂದು ಆಡಿಕೊಂಡರು. ತಪ್ಪು ಕೇಕಿನದಲ್ಲ, ಮೇಲಿದ್ದ ದೀಪದ್ದು. ಹಿಂದಿನ ಪರದೆ ಕೆನೆ ಬಣ್ಣದ್ದಿರಲಿ. ಫಾಂಡಂಟಿಗೆ ಹೊಳಪು ಹಚ್ಚಿಸಬೇಡಿ, ಹೊಳೆದರೆ ಅದರಲ್ಲಿ ನಾನು ಕ್ಯಾಮೆರಾ ಹಿಡಿದು ನಿಂತಿರುವುದೂ ಕಾಣುತ್ತದೆ.

ಬಂದರು ರಸ್ತೆ:
ಒಂದು ಕೇಕಿಗೆ ಔಷಧ ಅಂಗಡಿ, ದೀಪ, ಪರದೆ, ವೋಡ್ಕಾ. ಬಿಳಿಯದಾಗಿದ್ದರೆ ಚಾಕು ಒಂದೇ ಸಾಕಿತ್ತು.

ನೇರಳೆಕೊಂಬೆ:
ಮೂರು ವಾರದ ನಂತರ ಬಂದಿದ್ದೇನೆ. ಒಂದು ಚಿಕ್ಕ ಮಾದರಿ ಮಾಡಿಸಿದೆವು. ಮೊದಲ ದಿನ ನೋಡಿ ನಾನು ಕುಣಿದೆ, ಅಷ್ಟು ಸರಿಯಾದ ಬಣ್ಣ. ಅದರ ಫಾಂಡಂಟ್ ತುಂಡೊಂದನ್ನು ಮನೆಯ ಕಿಟಕಿಯ ಬಳಿ ಇಟ್ಟಿದ್ದೆ. ಎರಡು ದಿನದಲ್ಲಿ ನೇರಳೆ ಹೋಗಿ ಶಾಯಿಯ ನೀಲಿ ಉಳಿಯಿತು. ಮಾವ್ಶಿ ಅದನ್ನು ನೋಡಿ ಏನೂ ಹೇಳಲಿಲ್ಲ, ಅದೇ ಹೆಚ್ಚು ನೋವಾಯಿತು.

ಪಿರ್ದುಕಿನ ಮಾತನ್ನೂ ಎತ್ತಿದೆ. "ಅದು ಕೊರಳಿಗೆ, ಇದು ಹೊಟ್ಟೆಗೆ" ಎಂದರು. ಬಂದರು ರಸ್ತೆಯವರೇ, ನೀವಿಬ್ಬರೂ ಸಂಬಂಧಿಕರೇ?

ಒಲೆಯ ಮುಂದೆ:
ನೇರಳೆಯಲ್ಲಿರುವ ಕೆಂಪು ಬೆಳಕಿಗೆ ಮೊದಲು ಮಾಸುತ್ತದೆ, ನೀಲಿ ಉಳಿಯುತ್ತದೆ. ಕಿಟಕಿ, ಟ್ಯೂಬ್‌ಲೈಟ್ ಎರಡೂ ಅದಕ್ಕೆ ಶತ್ರು. ಹೊದಿಸಿದ ಮೇಲೆ ಕತ್ತಲ ಪೆಟ್ಟಿಗೆಯಲ್ಲಿ ಇಟ್ಟರೆ ಆ ಸಂಜೆಗೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಅತಿಥಿಗಳು 600. ಅಷ್ಟು ಜನರಿಗೆ ಹಂಚುವ ಪ್ಲಮ್ ಕೇಕ್ ಅಡುಗೆಮನೆಯ ತಟ್ಟೆಗಳಲ್ಲಿ ಬೇರೆಯೇ ಕತ್ತರಿಸಿ ಇಟ್ಟಿರುತ್ತದೆ. ವೇದಿಕೆಯ ಮೇಲಿನ ಗೋಪುರದಲ್ಲಿ ನಿಜವಾದ ಕೇಕ್ ಒಂದೇ ಅಂತಸ್ತು, ಉಳಿದದ್ದು ಥರ್ಮಾಕೋಲ್. ಹೀಗಿರುವಾಗ ಬಣ್ಣವೆಲ್ಲ ಥರ್ಮಾಕೋಲಿನ ಮೇಲೆ ಇರಲಿ, ಅದನ್ನು ಯಾರೂ ತಿನ್ನುವುದಿಲ್ಲ. ಚಾಕು ಹಾಕುವ ಅಂತಸ್ತಿಗೆ ಬಣ್ಣದ ಹನಿಯೂ ಬೇಡ, ಬರೀ ಕಪ್ಪು ಚಾಕೊಲೇಟಿನ ಗನಾಶ್ ಸಾಕು. ನಮ್ಮ ಸೆಕೆಗೆ ಎರಡು ಪಾಲು ಚಾಕೊಲೇಟ್, ಒಂದು ಪಾಲು ಕ್ರೀಮ್ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ಕೆಳಗಿನಿಂದ ಮೇಲಕ್ಕೆ ಕಂದು ನೇರಳೆಗೆ ತಿರುಗಿದಂತೆ ಕಾಣುತ್ತದೆ. ಹಲ್ಲು ಹಲ್ಲಿನ ಬಣ್ಣದಲ್ಲೇ ಇರುತ್ತದೆ.

ಟೊರಾಂಟೊ ಚಳಿ:
ತಡವಾಗಿ ಓದಿದೆ. ಇಲ್ಲಿ ನನ್ನ ಕಚೇರಿಯ ಗೆಳತಿ ಟ್ರಿನಿಡಾಡಿನವಳು. ಅವಳ ಮದುವೆಯಲ್ಲಿ ಕೊಟ್ಟ ಕೇಕಿನ ಹೆಸರೇ "ಬ್ಲ್ಯಾಕ್ ಕೇಕ್". ಕೆರಿಬಿಯನ್ ದ್ವೀಪಗಳಲ್ಲಿ ಕ್ರಿಸ್‌ಮಸ್ಸಿಗೂ ಮದುವೆಗೂ ಅದೇ. ಒಣಹಣ್ಣನ್ನು ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆಸಿ, ನುಣ್ಣಗೆ ಅರೆದು, ಸಕ್ಕರೆಯನ್ನು ಕಪ್ಪಾಗುವವರೆಗೆ ಸುಟ್ಟು ಸೇರಿಸುತ್ತಾರೆ. ಬಣ್ಣ ಬಹುಪಾಲು ಆ ಸುಟ್ಟ ಸಕ್ಕರೆಯದು. ಒಂದು ತುಂಡು ಬಾಯಿಗಿಟ್ಟಾಗ ನನಗೆ ಥಟ್ಟನೆ ನೆನಪಾದದ್ದು ಮಂಗಳೂರಿನ ನೆರೆಮನೆಯವರು ಕ್ರಿಸ್‌ಮಸ್ಸಿಗೆ ಕಳುಹಿಸುತ್ತಿದ್ದ ಕೇಕ್. ಅವರೂ ಸಕ್ಕರೆ ಸುಡುತ್ತಿದ್ದರು, ಹೊಗೆ ನಮ್ಮ ಅಂಗಳದವರೆಗೆ ಬರುತ್ತಿತ್ತು. ನಿಮ್ಮ ಮನೆಯಲ್ಲೂ ಸುಡುತ್ತಾರಲ್ಲವೇ?

ನೇರಳೆಕೊಂಬೆ:
ಸುಡುತ್ತಾರೆ. ನಮ್ಮ ಇಡೀ ಕುಟುಂಬದಲ್ಲಿ ಸಕ್ಕರೆ ಸುಡುವವರು ಒಬ್ಬರೇ. ಕಹಿಯಾಗುವುದಕ್ಕೆ ಒಂದು ಉಸಿರು ಮೊದಲು ಬಿಸಿನೀರು ಸುರಿಯಬೇಕು, ಅದು ಬೇರೆ ಯಾರ ಕೈಗೂ ಬರುವುದಿಲ್ಲ. ಯಾರೆಂದು ನೀವೇ ಊಹಿಸಿ.

ಚಂದ್ರಕಾಳಿ:
ಹೋಗಿ ಕೇಳು ತಂಗಿ. ಬಣ್ಣದ ಮಾತು ಎತ್ತಬೇಡ, ಸಕ್ಕರೆಯ ಮಾತಷ್ಟೇ ಎತ್ತು.

ನೇರಳೆಕೊಂಬೆ:
ಮದುವೆ ಮುಗಿದು ಹತ್ತು ದಿನವಾಯಿತು. ವರದಿ ಒಪ್ಪಿಸುತ್ತಿದ್ದೇನೆ.

ಮೇಲಿನ ಎರಡು ಅಂತಸ್ತು ಥರ್ಮಾಕೋಲ್, ಕಪ್ಪು ನೇರಳೆ ಫಾಂಡಂಟ್. ಕೆಳಗಿನದು ನಿಜವಾದ ಪ್ಲಮ್ ಕೇಕ್, ಮೇಲೆ ಗನಾಶ್, ನಡುವೆ ಪುನರ್ಪುಳಿ ಜಾಮ್. ಹಣ್ಣುಗಳನ್ನು ಅಕ್ಟೋಬರಿನಲ್ಲೇ ರಮ್ಮಿಗೆ ಹಾಕಿದ್ದೆವು. ಮಾವ್ಶಿ ಡಿಸೆಂಬರಿನ ಒಂದು ಮಧ್ಯಾಹ್ನ ಬಂದು ಎರಡು ಕಿಲೋ ಸಕ್ಕರೆ ಸುಟ್ಟರು. ಹೊಗೆಗೆ ನನ್ನನ್ನು ಹೊರಗೆ ಕಳುಹಿಸಿ ಒಳಗಿನಿಂದ ಬಾಗಿಲು ಹಾಕಿಕೊಂಡರು. ಬಣ್ಣದ ಬಗ್ಗೆ ಮಾತು ಬರಲಿಲ್ಲ.

ಪೆಟ್ಟಿಗೆ ತೆರೆಯದೆ ಕಾದದ್ದು ಒಳ್ಳೆಯದಾಯಿತು, ಬೆವರಲಿಲ್ಲ. ಡಿಜೆ ದೀಪ ಆರಿಸಲು ಮರೆತ, ಮೊದಲ ಮೂರು ಫೋಟೊಗಳಲ್ಲಿ ಕೇಕ್ ಪೂರ್ತಿ ನೀಲಿ. ಅಂಜೂರಗಳಲ್ಲಿ ಒಂದನ್ನು ಯಾವುದೋ ಮಗು ಕತ್ತರಿಸುವ ಮುಂಚೆಯೇ ತಿಂದಿತ್ತು. ಇಗರ್ಜಿಯ ಕೆಲವು ಅಜ್ಜಿಯಂದಿರು ದೂರದಿಂದ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು ಎಂದು ತಮ್ಮ ಹೇಳುತ್ತಾನೆ, ಅವನ ಮಾತು ನಂಬುವಂತಿಲ್ಲ.

ಟೋಸ್ಟ್ ಮುಗಿದ ಮೇಲೆ ಮಾವ್ಶಿಯನ್ನು ಹುಡುಕಿದೆ. ಕೇಕಿನ ಪಕ್ಕದಲ್ಲೇ ನಿಂತು ನನ್ನ ಅತ್ತೆಯ ಕಡೆಯವರಿಗೆ ತುಂಡನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಒಳಗಿನ ಕಪ್ಪು ಹೇಗೆ ಬಂತೆಂದು ವಿವರಿಸುತ್ತಿದ್ದರು. ನನ್ನನ್ನು ನೋಡಿ, "ಇನ್ನೂ ಸ್ವಲ್ಪ ಸುಡಬಹುದಿತ್ತು, ಬಣ್ಣ ಸಾಲದು" ಎಂದರು.

ಉಪ್ಪಿನಂಗಡಿ ಬಸ್:
ಆ ನೀಲಿ ಫೋಟೊ ಒಂದನ್ನಾದರೂ ಹಾಕಿ ಅಕ್ಕಾ.

ಬಂದರು ರಸ್ತೆ:
ಶುಭಾಶಯಗಳು, ದೇವರು ಒಳ್ಳೆಯದು ಮಾಡಲಿ. ಈಸ್ಟರ್ ಕಳೆದ ಮೇಲೆ ನನ್ನ ಮಗಳ ಮದುವೆ ಇದೆ. ಆ ಥರ್ಮಾಕೋಲ್ ಅಂತಸ್ತುಗಳು ಎಸೆಯದೆ ಉಳಿದಿವೆಯೇ? ಫಾಂಡಂಟ್ ಸುಲಿದು ಬಿಳಿ ಹೊದಿಸಿಕೊಳ್ಳುತ್ತೇನೆ. ಸಕ್ಕರೆ ಸುಡಲು ನಿಮ್ಮ ಮಾವ್ಶಿ ಬೇರೆಯವರ ಮನೆಗೆ ಬರುತ್ತಾರೆಯೇ ಎಂಬುದನ್ನೂ ಕೇಳಿ ತಿಳಿಸಿ.